ಇನ್ನೊಂದು ಚಕ್ಕುಲಿ

ಸುಮಿತ್ರ ಆಲುವಕ್ಕೆ ಹೋಗಿ ಅದು ಮೂರನೇ ವಾರ. ಪಟ್ಟಂನ ಮನೆಯಲ್ಲಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಒಂದು ಸಲ ಕಮಲಾಕ್ಷ ಹಾಕಿದ್ದರು, ಇನ್ನೊಂದು ಸಲ ಮಗ ಗುರುಕಿರಣ್.

“ಉಪ್ಪು ಹಾಕಿದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ನೀವೂ ಕೇಳ್ಬಹುದಿತ್ತಲ್ಲಪ್ಪ.”

“ಕೇಳೋಣ ಅಂದ್ರೆ ಕಿವಿಗೆ ಬಿರಡೆ ತುರುಕ್ಕೊಂಡು ಕೂತಿರ್ತೀಯ.”

ಗುರುಕಿರಣ್ ಕಿವಿಯಿಂದ ಇಯರ್‌ಫೋನ್ ತೆಗೆದು ಸಾರಿಗೆ ಎರಡು ಲೋಟ ನೀರು ಸುರಿದ. ಅಪ್ಪ ಮಗ ಎದುರುಬದುರು ಕೂತು ಅದನ್ನೇ ಉಂಡರು.

ಕಮಲಾಕ್ಷ ನಂಜನಗೂಡಿನವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಲೆಕ್ಕಪತ್ರದ ಅಧಿಕಾರಿ. ಪುಣೆ, ಹೈದರಾಬಾದ್ ಸುತ್ತಿ ತಿರುವನಂತಪುರದ ಪಟ್ಟಂಗೆ ಬಂದು ಆರು ವರ್ಷವಾಗಿತ್ತು. ಅಕ್ಟೋಬರ್ ಕೊನೆಗೆ ನಿವೃತ್ತಿ. ಮಗ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದ. ಮಗಳು ಶಾಲಿನಿ ಗಂಡನ ಜೊತೆ ಕೊಚ್ಚಿ ಪಕ್ಕದ ಆಲುವದಲ್ಲಿದ್ದಳು. ಹೆರಿಗೆ ರಜೆ ಮುಗಿದು ಅವಳು ಆಫೀಸಿಗೆ ಹೊರಟಾಗ ಎಂಟು ತಿಂಗಳ ನಿಹಾರಿಕಾಳನ್ನು ನೋಡಿಕೊಳ್ಳಲು ಕಮಲಾಕ್ಷರ ಹೆಂಡತಿ ಸುಮಿತ್ರ ಅಲ್ಲಿಗೆ ಹೋದರು. ಹೋಗುವ ಮುಂಚೆ ಸಾಂಬಾರು ಪುಡಿ, ಚಟ್ನಿ ಪುಡಿ, ಹುಣಸೆ ಗೊಜ್ಜು ಮಾಡಿಟ್ಟು, “ಇಬ್ಬರೂ ಜಗಳ ಆಡ್ಬೇಡಿ” ಎಂದಿದ್ದರು. ಪುಡಿಗಳು ಇನ್ನೂ ಮಿಕ್ಕಿದ್ದವು, ಆ ಮಾತು ಮಾತ್ರ ಮೊದಲ ದಿನವೇ ಖರ್ಚಾಗಿತ್ತು.

ಜಗಳಕ್ಕೆ ಕಾರಣ ಒಂದು ಗಾಡಿ. ವರ್ಕಲದ ಹತ್ತಿರ ಸಮುದ್ರದ ದಂಡೆಯಲ್ಲಿದ್ದ ಒಂದು ರೆಸಾರ್ಟು ಮುಚ್ಚಿ, ಅಲ್ಲಿಯ ಸಾಮಾನೆಲ್ಲ ಮಾರಾಟಕ್ಕೆ ಬಂತು. ಗುರುಕಿರಣ್ ಹೋಗಿ ಹಳೆಯ ಎಟಿವಿ ಒಂದನ್ನು ಕೊಂಡು ತಂದ. ನಾಲ್ಕು ದಪ್ಪ ಚಕ್ರ, ಬೈಕಿನ ಹಾಗೆ ಹ್ಯಾಂಡಲ್. ಕುದುರೆ ಮೇಲೆ ಕೂತ ಹಾಗೆ ಕಾಲು ಅಗಲಿಸಿ ಕೂರಬೇಕು. ಮರಳು, ಕೆಸರು, ಕಲ್ಲು ಎಲ್ಲದರ ಮೇಲೂ ಹೋಗುತ್ತದೆ. ರಸ್ತೆಯ ಮೇಲೆ ಮಾತ್ರ ಓಡಿಸುವ ಹಾಗಿಲ್ಲ.

“ರಸ್ತೇಲಿ ಓಡಿಸೋ ಹಾಗಿಲ್ಲದ ಗಾಡಿ ತಗೊಂಡೋನು ಈ ಊರಲ್ಲಿ ನೀನೊಬ್ಬನೇ ಇರ್ಬೇಕು,” ಎಂದಿದ್ದರು ಕಮಲಾಕ್ಷ. “ನೀರಿಗಿಳಿಯದ ದೋಣಿ ಎಲ್ಲಾದ್ರೂ ಸಿಕ್ರೆ ಅದನ್ನೂ ತಗೊಂಡ್ಬಿಡು.”

ಪಟ್ಟಂನಲ್ಲಿ ಅವರದು ಎರಡನೇ ಮಹಡಿಯ ಮನೆ. ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅದನ್ನು ಆಲುವದಲ್ಲಿ ಶಾಲಿನಿಯ ಬಾಡಿಗೆ ಮನೆಯ ಹಿತ್ತಲಿಗೆ ಸಾಗಿಸಿದ್ದಾಯಿತು. ಅಲ್ಲಿಂದ ಮೂರು ಗಲ್ಲಿ ಆಚೆ ಮನೋಜ್ ಎಂಬುವನ ಚಿಕ್ಕ ವರ್ಕ್‌ಶಾಪ್ ಇತ್ತು. ಅವನು, ಅವನ ಹೆಂಡತಿ ಮೇರಿ, ತಗಡಿನ ಮಾಡಿನ ಕೆಳಗೆ ಒಂದು ಲಿಫ್ಟು, ಅಷ್ಟೇ. ಮೇರಿ ಬಿಲ್ಲು ಬರೆಯುತ್ತಿದ್ದಳು. ಕೆಸರಿನಲ್ಲಿ ಗಾಡಿ ಓಡಿಸುವ ಹುಡುಗರ ದೊಡ್ಡ ಗುಂಪೊಂದು ಅವನ ಗಿರಾಕಿ. ಓಣಂ ಮುಗಿದ ಮೇಲೆ ಊರಾಚೆಯ ಗದ್ದೆಯಲ್ಲಿ ಆ ಗುಂಪಿನವರದೇ ಪಂದ್ಯವಿತ್ತು. ಗುರುಕಿರಣ್ ಅದಕ್ಕೆ ಹೆಸರು ಕೊಟ್ಟಿದ್ದ.

ಗಾಡಿ ಓಡುತ್ತಿತ್ತು, ಆದರೆ ಏದುಸಿರು ಬಿಡುತ್ತಿತ್ತು. ಏರಿಗೆ ಬಂದರೆ ಕ್ಲಚ್ಚು ಜಾರುತ್ತಿತ್ತು. ಟೈರು ಬೋಳಾಗಿತ್ತು. ತಿರುವಿನಲ್ಲಿ ಒಂದು ಕಡೆ ಎತ್ತಿಕೊಳ್ಳುತ್ತಿತ್ತು. ಮನೋಜ್ ಪಟ್ಟಿ ಮಾಡಿಕೊಟ್ಟ. ಹೊಸ ಕ್ಲಚ್ ಪ್ಲೇಟು, ಗಾಳಿ ಚೆನ್ನಾಗಿ ಎಳೆದುಕೊಳ್ಳುವ ಫಿಲ್ಟರ್, ಆಳ ಹಲ್ಲಿನ ಟೈರು, ಚಕ್ರಗಳನ್ನು ಸ್ವಲ್ಪ ಹೊರಗೆ ತಳ್ಳಿ ಗಾಡಿಗೆ ಅಗಲದ ನಿಲುವು ಕೊಡುವ ಸ್ಪೇಸರ್. ಸಾಮಾನುಗಳು ಒಂದೊಂದಾಗಿ ಪಟ್ಟಂನ ಮನೆಗೆ ಬರತೊಡಗಿದವು, ಗುರುಕಿರಣ್ ಅವನ್ನು ಮನೋಜನಿಗೆ ತಲುಪಿಸುತ್ತಿದ್ದ.

ಒಂದು ಭಾನುವಾರ ಪಾರ್ಸೆಲ್ ಬಂದಾಗ ಗುರುಕಿರಣ್ ಸ್ನಾನಕ್ಕೆ ಹೋಗಿದ್ದ. ಕಮಲಾಕ್ಷ ಡಬ್ಬ ಬಿಚ್ಚಿ ನೋಡಿದರು. ಅಂಗೈ ಅಗಲದ, ದಪ್ಪನೆಯ ನಾಲ್ಕು ಅಲ್ಯೂಮಿನಿಯಂ ಬಿಲ್ಲೆಗಳು, ಸುತ್ತ ತೂತು. ಅಷ್ಟರಲ್ಲಿ ಮಗ ತಲೆ ಒರೆಸುತ್ತ ಹೊರಗೆ ಬಂದ.

“ಇದೇನೋ ಇದು, ಇಡ್ಲಿ ತಟ್ಟೆ ಇದ್ದ ಹಾಗಿದೆ?”

“ಸ್ಪೇಸರ್ ಅಪ್ಪ. ಅದರಲ್ಲಿ ಹಿಟ್ಟು ಹೊಯ್ಬೇಡಿ.”

ಕಮಲಾಕ್ಷ ನಕ್ಕುಬಿಟ್ಟರು. ನಕ್ಕಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು. ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತ, “ಹತ್ತೊಂಬತ್ತನೇ ವಯಸ್ಸಲ್ಲಿ ನಮ್ಮ ಸೋದರಮಾವನ ಟ್ರ್ಯಾಕ್ಟರ್ ಕಬ್ಬಿನ ಗದ್ದೇಲಿ ಓಡಿಸಿದ್ದೆ,” ಎಂದರು.

“ನೀವಾ?”

“ಎರಡು ಸುತ್ತು. ಮೂರನೇ ಸುತ್ತಿಗೆ ನಮ್ಮಪ್ಪ ಬಂದು ಇಳಿಸಿ ಕಪಾಳಕ್ಕೆ ಬಿಟ್ಟರು. ಓದೋ ಹುಡುಗನಿಗೆ ಇದೆಲ್ಲ ಯಾಕೆ ಅಂತ. ಆಮೇಲೆ ಮುಟ್ಟಲಿಲ್ಲ.”

ಗುರುಕಿರಣ್ ತಲೆ ಒರೆಸುವುದನ್ನು ನಿಲ್ಲಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನು ಈ ಕಥೆ ಕೇಳಿರಲಿಲ್ಲ. ಆ ದಿನ ಇಬ್ಬರೂ ಸೇರಿ ಬಿಸಿಬೇಳೆಬಾತ್ ಮಾಡಿದರು. ಉಪ್ಪು ಹಾಕುವ ಮುಂಚೆ ಕಮಲಾಕ್ಷ ಗಟ್ಟಿಯಾಗಿ “ಉಪ್ಪು!” ಎಂದು ಕೂಗಿದರು, ಮಗ “ಸರಿ!” ಎಂದು ಕೂಗಿದ. ಊಟದ ನಡುವೆ ಅಪ್ಪ ತಟ್ಟೆ ನೋಡುತ್ತಲೇ ಕೇಳಿದರು, “ರಿಪೇರಿ ಆದ್ಮೇಲೆ ನಂಗೂ ಒಂದ್ಸಲ ಕೊಡ್ತೀಯಾ?”

ಸಂಜೆ ಫೋನಿನಲ್ಲಿ ಗುರುಕಿರಣ್ ಈ ಸುದ್ದಿ ಹೇಳಿದಾಗ ಸುಮಿತ್ರಗೆ ನಂಬಿಕೆ ಬರಲಿಲ್ಲ. ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಎರಡು ವಿಷಯಕ್ಕೆ ಡುಮ್ಕಿ ಹೊಡೆದ ಮೇಲೆ ಅಪ್ಪ ಮಗ ಒಟ್ಟಿಗೆ ನಕ್ಕಿದ್ದನ್ನು ಆಕೆ ಕಂಡಿರಲಿಲ್ಲ. ಈ ಗಾಡಿಯ ನೆಪದಲ್ಲಾದರೂ ಇಬ್ಬರೂ ಸರಿಹೋಗಲಿ ಎಂದು ದೇವರ ಮುಂದೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದರು.

ಸುಮಿತ್ರರ ಮಲಯಾಳಂ ಬಗ್ಗೆ ಇಲ್ಲಿ ಹೇಳಬೇಕು. ಆರು ವರ್ಷದಲ್ಲಿ ಸಂತೆಗೆ ಬೇಕಾದಷ್ಟು ಕಲಿತಿದ್ದರು. ಎತ್ರ ಅಂದರೆ ಎಷ್ಟು, ವೇಣಂ ಅಂದರೆ ಬೇಕು, ಮತಿ ಅಂದರೆ ಸಾಕು, ಒನ್ನುಕೂಡಿ ಅಂದರೆ ಇನ್ನೊಂದು. ಮೊದಲ ವರ್ಷ ತರಕಾರಿಯವನಿಗೆ ಚಿಲ್ಲರೆ ಇಲ್ಲವೆಂದಾಗ ಅವನು “ಸಾರಮಿಲ್ಲ ಚೇಚಿ” ಎಂದ. ಪರವಾಗಿಲ್ಲ ಅಕ್ಕ ಎಂದು ಅದರ ಅರ್ಥ. ಪಾಪ, ಅವರ ಮನೆಯಲ್ಲಿ ಸಾರಿಲ್ಲವಂತೆ ಎಂದು ಸುಮಿತ್ರ ಒಳಗೆ ಹೋಗಿ ಒಂದು ಲೋಟ ಬಿಸಿ ಸಾರು ತಂದುಕೊಟ್ಟರು. ಅವನು ಕುಡಿದೂ ಹೋದ. ಅಂದಿನಿಂದ ಮಕ್ಕಳಿಗೆ ಅದೇ ತಮಾಷೆ. ಅಮ್ಮ ಮಲಯಾಳಂನಲ್ಲಿ ಬಾಯಿ ತೆರೆದರೆ ಶಾಲಿನಿ, “ಅಮ್ಮ, ಒಂದು ಲೋಟ ಸಾರು,” ಎನ್ನುವಳು. ಸುಮಿತ್ರ ತಾವೂ ನಗುತ್ತಿದ್ದರು. ಆದರೆ ಮಕ್ಕಳೆದುರು ಮಲಯಾಳಂ ಆಡುವುದನ್ನು ಬಿಟ್ಟರು. ಹೊರಗೆ ಕೇಳಿದ್ದನ್ನು ಮನೆಯಲ್ಲಿ ಕನ್ನಡಕ್ಕೆ ತಿರುಗಿಸಿಯೇ ಹೇಳುತ್ತಿದ್ದರು.

ಕೃಷ್ಣಾಷ್ಟಮಿಯ ಹಿಂದಿನ ದಿನ ಮನೋಜ್ ಪಿಕಪ್ಪಿನಲ್ಲಿ ಎಟಿವಿ ಹೇರಿಕೊಂಡು ಬಂದ. ಶಾಲಿನಿ ಆಫೀಸಿನಲ್ಲಿದ್ದಳು. ಅಪ್ಪ ಮಗ ಇನ್ನೂ ರೈಲಿನಲ್ಲಿದ್ದರು. ಸುಮಿತ್ರ ಒಬ್ಬರೇ ಮಗುವನ್ನು ಚಾಪೆಯ ಮೇಲೆ ಬಿಟ್ಟುಕೊಂಡು ಚಕ್ಕುಲಿ ಕರಿಯುತ್ತಿದ್ದರು. ಗಾಡಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದವನಿಗೆ ತಟ್ಟೆಯಲ್ಲಿ ಒಂದು ಚಕ್ಕುಲಿ ಕೊಟ್ಟರು.

“ಮುರುಕ್ಕಾಣೋ ಅಮ್ಮೇ?” ಮುರುಕ್ಕಾ ಎಂದು ಅವನು ಕೇಳಿದ್ದು ಅರ್ಥವಾಯಿತು. ಬೇಕರಿಯ ಗಾಜಿನ ಡಬ್ಬದಲ್ಲಿರುವ ಚಕ್ಕುಲಿಗೆ ಅಲ್ಲಿಯ ಹೆಸರು ಅದೇ.

ಅವನು ತಿಂದು, ಕೈ ಒರೆಸಿಕೊಂಡು, ಗಾಡಿಯ ಚಕ್ರವನ್ನೊಮ್ಮೆ ತಟ್ಟಿ, ಹೊರಡುವ ಅವಸರದಲ್ಲಿ ಹೇಳಿದ, “ಒರು ಮಣಿಕ್ಕೂರ್ ಓಡಿಚ್ಚಿಟ್ಟು ಒನ್ನುಕೂಡಿ ಮುರುಕ್ಕಣಂ ಅಮ್ಮೇ. ಗುರುವಿನೋಡು ಪರಯಣೇ.”

ಸುಮಿತ್ರಗೆ ಒಂದು ಗಂಟೆ ಎಂಬುದು ತಿಳಿಯಿತು, ಓಡಿಸುವುದು ತಿಳಿಯಿತು. ಪಾಪ, ಒಂದು ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದಾನೆ. ಇನ್ನೊಂದು ಮುರುಕ್ಕು ವೇಣಂ, ಗುರುವಿಗೆ ಹೇಳಿ.

“ಗುರುಗೆ ಯಾಕಪ್ಪ ಹೇಳ್ಬೇಕು, ನಾನಿಲ್ವಾ,” ಎಂದು ಕನ್ನಡದಲ್ಲೇ ಅಂದು, ಒಳಗೆ ಹೋಗಿ ಸ್ಟೀಲು ಡಬ್ಬದ ತುಂಬ ಚಕ್ಕುಲಿ ತುಂಬಿ ತಂದುಕೊಟ್ಟರು. ಮನೋಜ್ ಬೇಡ ಬೇಡವೆನ್ನುತ್ತ ತೆಗೆದುಕೊಂಡ. ಮುಖ ಅರಳಿತ್ತು. ಹೋಗುವಾಗ ಇನ್ನೊಮ್ಮೆ ತಿರುಗಿ, “ಮರಕ್ಕಲ್ಲೇ,” ಮರೆಯಬೇಡಿ, ಎಂದ. ಇಷ್ಟು ರುಚಿ ಹತ್ತಿತಲ್ಲ ಎಂದು ಸುಮಿತ್ರಗೆ ಹಿಗ್ಗಾಯಿತು.

ರಾತ್ರಿ ಊಟಕ್ಕೆ ಕೂತಾಗ ಹೇಳಿದರು, “ನಿನ್ನ ಮೆಕ್ಯಾನಿಕ್ ಭಾರಿ ಕಣೋ. ಒಂದು ಚಕ್ಕುಲಿ ಕೊಟ್ರೆ ಇನ್ನೊಂದು ಬೇಕು ಅಂತ ಬಾಯಿಬಿಟ್ಟು ಕೇಳಿ ಇಸ್ಕೊಂಡ.”

“ಅವನು ಹಂಗೆಲ್ಲ ಕೇಳೋನಲ್ಲವಲ್ಲ,” ಎಂದ ಗುರುಕಿರಣ್.

“ಅಮ್ಮನ ಚಕ್ಕುಲಿ ಎದುರು ಯಾರ ನಾಚಿಕೆ ನಿಲ್ಲುತ್ತೆ?” ಎಂದಳು ಶಾಲಿನಿ. ಎಲ್ಲರೂ ನಕ್ಕರು. ಗುರುಕಿರಣ್ ಮನೋಜನಿಗೆ ಫೋನಿನಲ್ಲಿ ‘ಗಾಡಿ ಸಿಕ್ಕಿತು, ಥ್ಯಾಂಕ್ಸ್’ ಎಂದು ಬರೆದು ಎರಡನೇ ಸಲ ಅನ್ನ ಬಡಿಸಿಕೊಂಡ.

ಹಬ್ಬದ ಮರುದಿನ ಬೆಳಿಗ್ಗೆ ಗಾಡಿಯನ್ನು ಹಳೆಯ ಇಟ್ಟಿಗೆ ಗೂಡಿನ ಬಯಲಿಗೆ ಸಾಗಿಸಿದರು. ಗುರುಕಿರಣ್ ಒಂದು ಗಂಟೆಗೂ ಹೆಚ್ಚು ಓಡಿಸಿದ. ಗಾಡಿಯ ದನಿಯೇ ಬೇರೆಯಾಗಿತ್ತು. ದಿಬ್ಬವನ್ನು ಒಂದೇ ಉಸಿರಿಗೆ ಹತ್ತುತ್ತಿತ್ತು. ಆಮೇಲೆ ಹೆಲ್ಮೆಟ್ಟನ್ನು ಅಪ್ಪನ ತಲೆಗಿಟ್ಟು ಪಟ್ಟಿ ಕಟ್ಟಿದ.

“ನಿಧಾನಕ್ಕೆ ಹೋಗಿ. ಬಲಗೈ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಮುಂದಕ್ಕೆ, ಬಿಟ್ರೆ ನಿಲ್ಲುತ್ತೆ.”

“ನಂಗೆ ಗೊತ್ತು ಹೋಗೋ. ಟ್ರ್ಯಾಕ್ಟರ್ ಓಡಿಸಿದೋನು ನಾನು.”

ಎರಡು ಸುತ್ತು ಹೋದರು. ಎರಡನೇ ಸುತ್ತಿನಲ್ಲಿ ಮಗನ ಮುಂದೆ ಹಾಯುವಾಗ, “ಈಗ ಯಾರೂ ಇಳಿಸೋರಿಲ್ಲ ಕಣೋ!” ಎಂದು ಕೂಗಿದರು. ಮಗು ಎತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದ ಸುಮಿತ್ರಗೂ ಅದು ಕೇಳಿಸಿತು. ಮೂರನೇ ಸುತ್ತಿನ ತಿರುವಿನಲ್ಲಿ ಮುಂದಿನ ಎಡಚಕ್ರ ಕಳಚಿ, ತನ್ನ ಪಾಡಿಗೆ ತಾನು ಉರುಳಿಕೊಂಡು ಹೋಯಿತು. ಗಾಡಿ ಮುಗ್ಗರಿಸಿತು. ಕಮಲಾಕ್ಷ ಇಟ್ಟಿಗೆ ಚೂರುಗಳ ಮೇಲೆ ಬಲಗೈ ಊರಿ ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು, ಕೊರಳೆಲುಬು ಒಂದು ಕಡೆ.

ಆಸ್ಪತ್ರೆಗೆ ಮನೋಜ್ ಓಡಿಬಂದ. ಕೈಯಲ್ಲಿ ನೇಂದ್ರ ಬಾಳೆಹಣ್ಣು, ತೊಳೆದ ಸ್ಟೀಲು ಡಬ್ಬ. ಖಾಲಿ ಡಬ್ಬ ಹಿಂತಿರುಗಿಸಬಾರದೆಂದು ಮೇರಿ ಅದರಲ್ಲಿ ಬಾಳೆಕಾಯಿ ಚಿಪ್ಸ್ ತುಂಬಿ ಕಳಿಸಿದ್ದಳು.

“ನಟ್ಟು ಸಡಿಲ ಬಿಟ್ಟು ಕಳಿಸಿದ್ದೀಯ,” ಎಂದು ಗುರುಕಿರಣ್ ಕಾರಿಡಾರಿನಲ್ಲೇ ಮಲಯಾಳಂನಲ್ಲಿ ಕೂಗಾಡಿದ. ಮನೋಜ್ ಅವಸರ ಅವಸರವಾಗಿ ಏನೋ ಹೇಳಿದ. ಹೊಸ ಸ್ಪೇಸರ್ ಕೂರಲು ಹೊತ್ತು ಬೇಕು, ಏನು ಮಾಡಬೇಕೆಂದು ಅಮ್ಮನ ಹತ್ತಿರ ಎರಡು ಸಲ ಹೇಳಿಹೋಗಿದ್ದೆ ಎಂದ.

ಗುರುಕಿರಣ್ ತಾಯಿಯ ಕಡೆ ತಿರುಗಿದ. “ಅಮ್ಮ, ಇವನು ಗಾಡಿ ವಿಷಯ ನಿಂಗೆ ಏನಾದ್ರೂ ಹೇಳಿದ್ನಾ?”

“ಗಾಡಿ ವಿಷಯ ಒಂದು ಮಾತೂ ಇಲ್ಲ. ಇನ್ನೊಂದು ಚಕ್ಕುಲಿ ಬೇಕು ಅಂದ, ಕೊಟ್ಟೆ. ಬೇಕಾದ್ರೆ ದೇವರಾಣೆ.”

ಹಬ್ಬದ ಹಿಂದಿನ ದಿನ ಮನೋಜ್ ಆಡಿದ್ದ ಆ ಒಂದು ಶಬ್ದ ಮಾತ್ರ ಆಗ ಯಾರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು.

“ನಮ್ಮಮ್ಮನ ಮೇಲೆ ಹಾಕ್ತೀಯಾ?” ಎಂದು ಗುರುಕಿರಣ್ ಅವನ ಎದೆ ಮುಟ್ಟಿ ಹಿಂದಕ್ಕೆ ತಳ್ಳಿದ. ಮನೋಜ್ ಡಬ್ಬವನ್ನು ಸುಮಿತ್ರರ ಕಡೆ ಚಾಚಿದ. ಸುಮಿತ್ರ ಮುಖ ತಿರುಗಿಸಿದರು. ಅವನು ಡಬ್ಬ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ. ಅವತ್ತು ಸಂಜೆ ಗುರುಕಿರಣ್ ಗಾಡಿ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಉರುಳಿದ ಚಕ್ರದ ಫೋಟೊ, ಅಪ್ಪನ ಪಟ್ಟಿ ಕಟ್ಟಿದ ಕೈಯ ಫೋಟೊ ಹಾಕಿ, ಮನೋಜನ ಹೆಸರು ಬರೆದ. ‘ನಟ್ಟು ಬಿಗಿಮಾಡದೆ ಕಳಿಸಿ, ಕೇಳಿದರೆ ಸುಳ್ಳು ಹೇಳುತ್ತಾನೆ’ ಎಂದು.

ಮಗುವನ್ನು ನೋಡಿಕೊಳ್ಳಲು ಶಾಲಿನಿಯ ಅತ್ತೆ ಬಂದರು. ಸುಮಿತ್ರ ಗಂಡನ ಜೊತೆ ಪಟ್ಟಂಗೆ ಮರಳಿದರು. ಕಮಲಾಕ್ಷರಿಗೆ ಅನ್ನ ಕಲಸಿ ತಿನ್ನಿಸಬೇಕು, ಅಂಗಿಯ ಗುಂಡಿ ಹಾಕಬೇಕು. ಅವರು ಮಗನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ಗುರುಕಿರಣ್‌ಗೆ ಹಗುರವಾಗುತ್ತಿತ್ತೋ ಏನೋ. ಅಪ್ಪ ಮಗನ ನಡುವೆ ಮಾತು ಮತ್ತೆ ನಿಂತಿತು. ‘ಉಪ್ಪು’ ಎಂದು ಕೂಗುವವರಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಮನೆಗೆಲಸದ ರತ್ನ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ಮುಚ್ಚಿದರೂ ತೊಟ್ಟಿಕ್ಕುತ್ತಿತ್ತು. ರತ್ನ ಬುಡದ ನಟ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ ಕೂಗಿದಳು, “ಚೇಚೀ, ಇದು ಒನ್ನುಕೂಡಿ ಮುರುಕ್ಕಣಂ.”

ಹಿಟ್ಟು ನಾದುತ್ತಿದ್ದ ಸುಮಿತ್ರರ ಕೈ ನಿಂತಿತು. “ಏನಂದೆ?”

“ಮುರುಕ್ಕಣಂ,” ಎಂದು ರತ್ನ ಮುಷ್ಟಿ ಹಿಡಿದು ಬಲಕ್ಕೆ ಬಿಗಿಯಾಗಿ ತಿರುಗಿಸಿ ತೋರಿಸಿದಳು. “ಲೂಸ್ ಆಣು. ಸ್ಪ್ಯಾನರ್ ಉಂಡೋ?”

ಸುಮಿತ್ರ ಸ್ಪ್ಯಾನರ್ ಹುಡುಕಿ ಕೊಟ್ಟರು. ನಲ್ಲಿ ನಿಂತಿತು. ಆಕೆ ಹಿಟ್ಟು ಹಾಗೇ ಬಿಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಇವತ್ತು ಬೇಡ, ಇವರ ಕೈ ಕಟ್ಟು ಬಿಚ್ಚಲಿ. ಕಟ್ಟು ಬಿಚ್ಚಿತು. ಇವರ ನಿವೃತ್ತಿಯ ಸಮಾರಂಭ ಒಂದು ಮುಗಿಯಲಿ. ಒಂದು ಲೋಟ ಸಾರಿನ ತಮಾಷೆಯನ್ನು ಆರು ವರ್ಷ ಸಹಿಸಿದ್ದಾಯಿತು, ಇದನ್ನು ಯಾರೂ ತಮಾಷೆ ಮಾಡುವುದಿಲ್ಲ ಎಂಬುದೇ ಆಕೆಗೆ ಹೆಚ್ಚು ಭಯವಾಗಿತ್ತು.

ಕಮಲಾಕ್ಷರ ಬೆರಳುಗಳು ಮೊದಲಿನ ಹಾಗೆ ಮಡಚಲಿಲ್ಲ. ಪಿಂಚಣಿಯ ಕಾಗದಕ್ಕೆ ಮಾಡಿದ ಸಹಿ ಹಳೆಯ ಸಹಿಗೆ ಹೊಂದುವುದಿಲ್ಲವೆಂದು ವಾಪಸು ಬಂತು. ಮೂವತ್ತೈದು ವರ್ಷ ಊರಿನವರ ಬಿಲ್ಲಿಗೆಲ್ಲ ಸಹಿ ಹಾಕಿದವರು ತಮ್ಮ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿ ಬಂದರು. ಮನೆಗೆ ಬಂದು ಆ ಮಸಿಯನ್ನು ಸೋಪು ಹಾಕಿ ಮೂರು ಸಲ ತೊಳೆದರು.

ನವೆಂಬರ್ ಮೊದಲ ವಾರ, ಊಟದ ಹೊತ್ತಿನಲ್ಲಿ ಗುರುಕಿರಣ್ ಹೇಳಿದ, “ಗಾಡಿ ಮಾರಿಬಿಟ್ಟೆ. ಹಾಂ, ಆ ಮನೋಜನ ಅಂಗಡಿ ಮುಚ್ಚಿತಂತೆ. ಎರಡು ತಿಂಗಳಿಂದ ಒಂದು ಗಾಡಿ ಬರಲಿಲ್ಲವಂತೆ. ಆಗ್ಬೇಕು ಅವನಿಗೆ.”

ಸುಮಿತ್ರರ ಕೈಯಲ್ಲಿ ಸೌಟು ಹಾಗೇ ಉಳಿಯಿತು. “ಗುರು, ಮುರುಕ್ಕಣಂ ಅಂದ್ರೆ ಏನೋ?”

“ಬಿಗಿ ಮಾಡ್ಬೇಕು ಅಂತ. ಯಾಕೆ?”

“ಅವನು ಅವತ್ತು ಅದನ್ನೇ ಅಂದಿದ್ದು. ಒಂದು ಗಂಟೆ ಓಡಿಸಿ ಒನ್ನುಕೂಡಿ, ಇನ್ನೊಂದ್ಸಲ, ಮುರುಕ್ಕಣಂ. ನಾನು... ನಾನು ಕೈಯಲ್ಲಿ ಚಕ್ಕುಲಿ ಒರಳು ಹಿಡ್ಕೊಂಡಿದ್ದೆ ಕಣೋ.”

ಗುರುಕಿರಣ್ ತುತ್ತನ್ನು ತಟ್ಟೆಗೆ ಬಿಟ್ಟ. “ಮತ್ತೆ ಇನ್ನೊಂದು ಚಕ್ಕುಲಿ ಅಂದೆ? ಅವನು ಅಂದಿದ್ದನ್ನ ಹಂಗೇ ಹೇಳಿದ್ದಿದ್ರೆ...”

“ಹಂಗೇ ಹೇಳಿದ್ರೆ ನೀವು ನಗ್ತೀರಲ್ಲಪ್ಪ.”

ಕಮಲಾಕ್ಷ ನಿಧಾನವಾಗಿ ಕೇಳಿದರು, “ಯಾವಾಗ ಗೊತ್ತಾಯ್ತು ನಿಂಗೆ?”

“ಐದು ವಾರ ಆಯ್ತು.”

“ಐದು ವಾರ!” ಎಂದ ಗುರುಕಿರಣ್. “ಅಷ್ಟರಲ್ಲಿ ಹೇಳಿದ್ರೆ ಅವನ ಅಂಗಡಿ ಉಳೀತಿತ್ತೇನೋ ಅಮ್ಮ.”

“ಅವಳ ಮೇಲೆ ಕೂಗಬೇಡ,” ಎಂದರು ಕಮಲಾಕ್ಷ. “ಅಷ್ಟು ವಿಡಿಯೊ ನೋಡ್ತಿದ್ದೆ. ನಿಂಗೆ ಗೊತ್ತಿರಲಿಲ್ವಾ, ಓಡಿಸಿದ ಮೇಲೆ ಬಿಗಿ ಮಾಡ್ಬೇಕು ಅಂತ?”

ಗುರುಕಿರಣ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ವಿಡಿಯೊದಲ್ಲಿ ಕೊನೇಲಿ ಹೇಳ್ತಾರೆ,” ಎಂದ. “ನಾನು ಕೊನೆವರೆಗೆ ನೋಡ್ಲಿಲ್ಲ.”

ಅನ್ನ ಆರಿ ಹೋಯಿತು. ಆ ರಾತ್ರಿಯೇ ಅವನು ಗುಂಪಿನಲ್ಲಿ ತಪ್ಪೊಪ್ಪಿಗೆ ಬರೆದ. ಮೊದಲನೆಯದಕ್ಕೆ ನೂರಾರು ಜನ ಉತ್ತರ ಕೊಟ್ಟಿದ್ದರು. ಇದಕ್ಕೆ ನಾಲ್ಕು ಜನ ಕೈ ಮುಗಿದ ಚಿತ್ರ ಹಾಕಿದರು, ಅಷ್ಟೇ. ಬೆಂಕಿ ಹಚ್ಚುವಾಗ ಇರುವ ಗಾಳಿ ಆರಿಸುವಾಗ ಇರುವುದಿಲ್ಲ.

ಶನಿವಾರ ತಾಯಿ ಮಗ ಆಲುವಕ್ಕೆ ಹೋದರು. ತಗಡಿನ ಮಾಡಿನ ಕೆಳಗೆ ಯಾರೋ ಸಿಮೆಂಟು ಮೂಟೆ ಒಟ್ಟಿದ್ದರು. ಪಕ್ಕದ ಮನೆಯಲ್ಲಿ ಮೇರಿ ಸಿಕ್ಕಳು. ಅವಳೇನೂ ಜಗಳ ಆಡಲಿಲ್ಲ. ಒಳಗಿನಿಂದ ಸ್ಟೀಲು ಡಬ್ಬ ತಂದು ಕೊಟ್ಟು, ಮನೋಜ್ ಈಗ ಬೈಪಾಸ್ ಪಕ್ಕದ ದೊಡ್ಡ ಟೈರ್ ಅಂಗಡಿಯಲ್ಲಿ ಕೂಲಿಗಿದ್ದಾನೆಂದಳು. ಡಬ್ಬದಲ್ಲಿ ಏನೂ ಇರಲಿಲ್ಲ.

ಟೈರ್ ಅಂಗಡಿಯಲ್ಲಿ ಮನೋಜ್ ನೀಲಿ ಸಮವಸ್ತ್ರದಲ್ಲಿದ್ದ. ಗುರುಕಿರಣ್ ಬಾಯಿ ತೆರೆಯುವ ಮುಂಚೆ ಸುಮಿತ್ರ ಮುಂದೆ ಹೋಗಿ, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಲಯಾಳಂನಲ್ಲಿ ಹೇಳಿದರು. ನೀನು ಹೇಳಿದ್ದೆ. ನನಗೆ ತಿಳಿಯಲಿಲ್ಲ. ತಪ್ಪು ನನ್ನದು. ಐದು ವಾರ ಸುಮ್ಮನಿದ್ದೆ, ಅದೂ ನನ್ನದೇ. ತಪ್ಪು ತಪ್ಪಾಗಿಯೇ ಹೇಳಿದರು. ಗುರುಕಿರಣ್ ತಿದ್ದಲಿಲ್ಲ, ನಗಲಿಲ್ಲ. “ನಾನು ಕೈ ಮಾಡಬಾರದಿತ್ತು,” ಎಂದಷ್ಟೇ ಕೊನೆಗೆ ಸೇರಿಸಿದ.

ಮನೋಜ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಎಲ್ಲ ಕೇಳಿಸಿಕೊಂಡ. ಕಮಲಾಕ್ಷರ ಕೈ ಹೇಗಿದೆ ಎಂದು ವಿಚಾರಿಸಿದ. ಆಮೇಲೆ, “ಸಾರಮಿಲ್ಲ ಅಮ್ಮೇ,” ಎಂದ.

ಈ ಸಲ ಸುಮಿತ್ರಗೆ ಸರಿಯಾಗಿ ಅರ್ಥವಾಯಿತು. ಅರ್ಥವಾದದ್ದರಿಂದಲೇ, ಅಂದು ಸಾರು ತಂದುಕೊಟ್ಟ ಹಾಗೆ ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಯಾರೋ ಮನೋಜನನ್ನು ಕೂಗಿದರು. ಅವನು ಹೋಗಿ ಒಂದು ಕಾರಿನ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಬಿಗಿಮಾಡಿ, ಡ್ರೈವರನ ಪಕ್ಕದ ಗಾಜು ತಟ್ಟಿದ.

“ನೂರು ಕಿಲೋಮೀಟರ್ ಓಡಿಚ್ಚಿಟ್ಟು ಒನ್ನುಕೂಡಿ ಮುರುಕ್ಕಣಂ.”

“ಶರಿ,” ಎಂದು ಡ್ರೈವರ್ ಗಾಜು ಏರಿಸಹೊರಟ. ಮನೋಜ್ ಗಾಜಿನ ಮೇಲೆ ಕೈ ಇಟ್ಟು ತಡೆದ. ನಾನು ಏನು ಹೇಳಿದೆ, ಒಮ್ಮೆ ಹೇಳಿ ಎಂದ. ಡ್ರೈವರ್ ಇದೆಂಥ ಕಾಟ ಎನ್ನುವ ಮುಖ ಮಾಡಿದ. ಆದರೂ ಹೇಳಿದ.

ಖಾಲಿ ಡಬ್ಬ ಹಿಡಿದು ರಸ್ತೆಯಲ್ಲಿ ನಿಂತಿದ್ದ ಸುಮಿತ್ರ, ಡ್ರೈವರನ ಜೊತೆಗೇ ತುಟಿ ಆಡಿಸಿ ಆ ಮಾತನ್ನು ಒಂದೊಂದೇ ಅಕ್ಷರವಾಗಿ ಹೇಳಿಕೊಂಡರು.